ಕೆರೆ ಸದಾ ತುಂಬಿರುವಾಗ ರಾಜಕಾಲುವೆ ಇನ್ನೂ ಬೇಕೇ?

ಪ್ರಶ್ನೆ (ಕೋಲಾರ ತಾಲ್ಲೂಕಿನ ರೈತ):
ನಮ್ಮೂರಿನ ಕೆರೆ ಚಿಕ್ಕದಾದರೂ ಅಕ್ಕಪಕ್ಕದ ಹಳ್ಳಿಗಳ ಜಮೀನೂ ಅದರ ಅಚ್ಚುಕಟ್ಟಿಗೆ ಸೇರಿದೆ. ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯ ನೀರು, ಅಂದರೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು, 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು, ಕೆರೆಯಿಂದ ಕೆರೆಗೆ ಹರಿದು ನಮ್ಮಲ್ಲಿಗೂ ತಲುಪಿದ ಮೇಲೆ ಬತ್ತಿದ್ದ ಕೊಳವೆಬಾವಿಗಳು ಮತ್ತೆ ನೀರು ಕೊಟ್ಟವು. ಆದರೆ ಕೆರೆ ಬೇಸಿಗೆಯಲ್ಲೂ ಒಣಗದ ಕಾರಣ ಗೋಡು (ಕೆರೆಯ ಹೂಳುಮಣ್ಣು) ತೆಗೆದು ಹೊಲಕ್ಕೆ ಹೊಡೆಯುವುದು ನಿಂತುಹೋಗಿದೆ. ಗುಡ್ಡದಿಂದ ಮಳೆನೀರು ತರುತ್ತಿದ್ದ ರಾಜಕಾಲುವೆಯಲ್ಲಿ ಬಳ್ಳಾರಿ ಜಾಲಿ ಬೆಳೆದಿದೆ, ಒತ್ತುವರಿಯೂ ಆಗಿದೆ. ಗ್ರಾಮಸಭೆಯಲ್ಲಿ ಕೇಳಿದರೆ, ತುಂಬಿದ ಕೆರೆಗೆ ಕಾಲುವೆ ಏಕೆ ಎನ್ನುತ್ತಾರೆ. ಏನು ಉತ್ತರಿಸಲಿ?

ಉತ್ತರ 1 (ಮಾಲೂರು):
ಈ ನೀರು ಬೆಂಗಳೂರಿನ ಪಂಪು ಮತ್ತು ವಿದ್ಯುತ್ತನ್ನು ನಂಬಿಕೊಂಡು ಬರುವುದು ಎಂಬುದನ್ನು ಮೊದಲು ಹೇಳಿ. ಅದಕ್ಕಿಂತ ಮುಖ್ಯವಾದದ್ದು ನೀರಿನ ಗುಣ. ಎರಡನೇ ಹಂತದವರೆಗೆ ಮಾತ್ರ ಸಂಸ್ಕರಿಸಿದ ಈ ನೀರಿನಲ್ಲಿ ಸಾರಜನಕ, ರಂಜಕ ಮತ್ತು ಲವಣಗಳು ಉಳಿದಿರುತ್ತವೆ. ಬಿಸಿಲಿಗೆ ನೀರು ಆವಿಯಾದಂತೆ ಲವಣ ಕೆರೆಯಲ್ಲೇ ಗಟ್ಟಿಯಾಗುತ್ತಾ ಹೋಗುತ್ತದೆ, ಅದನ್ನು ತೆಳುವಾಗಿಸಿ ಕೋಡಿಯ ಮೂಲಕ ಹೊರಹಾಕಬಲ್ಲದ್ದು ಮಳೆನೀರೊಂದೇ. ಮೂರನೇ ಹಂತದ ಸಂಸ್ಕರಣೆಗಾಗಿ ಜಿಲ್ಲೆಯಲ್ಲಿ ಹೋರಾಟ ನಡೆದಿರುವುದು ಸುಮ್ಮನೆ ಅಲ್ಲ. ಇನ್ನೊಂದು ಮಾತು: ನಮ್ಮ ಕಡೆಯ ಕೆರೆಗಳು ಸರಪಳಿಯಂತೆ ಇವೆ, ಮೇಲಿನ ಕೆರೆಯ ಕೋಡಿ ನೀರೇ ಕೆಳಗಿನದಕ್ಕೆ ಆಧಾರ. 2021ರ ನವೆಂಬರ್‌ನಂತಹ ಮಳೆ ತುಂಬಿದ ಕೆರೆಯ ಮೇಲೆ ಬಿದ್ದಾಗ, ಒತ್ತುವರಿಯಾದ ಕಾಲುವೆಯಲ್ಲಿ ಜಾಗ ಸಿಗದ ನೀರು ಹೊಲಕ್ಕೂ ಮನೆಗೂ ನುಗ್ಗುತ್ತದೆ.

ಉತ್ತರ 2 (ಚಿಂತಾಮಣಿ):
ಗೋಡಿನ ಬಗ್ಗೆ ಮಾತ್ರ ಹೇಳುತ್ತೇನೆ. ಕೆರೆ ಪೂರ್ತಿ ಒಣಗಲೆಂದು ಕಾಯಬೇಕಾಗಿಲ್ಲ. ನೀರು ಹಿಂದೆ ಸರಿದಾಗ ಅಂಗಳದ ಮೇಲ್ಭಾಗದಲ್ಲಿ ತೆಗೆಯಬಹುದು, ಕಾಲುವೆ ಕೆರೆ ಸೇರುವ ಕಡೆ ಹೂಳುಗುಂಡಿ ತೋಡಿಸಬಹುದು. ಆದರೆ ಈಗಿನ ಗೋಡನ್ನು ಮಣ್ಣು ಪರೀಕ್ಷೆ ಮಾಡಿಸದೆ ಹೊಲಕ್ಕೆ ಹಾಕುವುದು ಸರಿಯಲ್ಲ.

ಉತ್ತರ 3 (ಶಿರಾ):
ನಮ್ಮಲ್ಲಿ ಆ ನೀರಿಲ್ಲ, ಮಳೆಯೇ ಗತಿ. ಆದ್ದರಿಂದ ಕಾಲುವೆಯ ಬೆಲೆ ನಮಗೆ ಚೆನ್ನಾಗಿ ಗೊತ್ತಿದೆ. ಗ್ರಾಮನಕ್ಷೆಯಲ್ಲಿ ರಾಜಕಾಲುವೆಯನ್ನು ಗುರುತಿಸಿರುತ್ತಾರೆ. ಅದರ ಪ್ರತಿಯೊಂದಿಗೆ ಅಳತೆ ಕೋರಿ ತಹಶೀಲ್ದಾರರಿಗೆ ಅರ್ಜಿ ಕೊಡಿ, ಕೆಳಗಿನ ಹಳ್ಳಿಗಳವರ ಸಹಿಯನ್ನೂ ಹಾಕಿಸಿ. ಊರಿನ ನೀರುಗಂಟಿ (ಕೆರೆ ನೀರು ಹಂಚುತ್ತಿದ್ದವರ) ಮನೆತನದ ಹಿರಿಯರಿದ್ದರೆ ಅಳತೆಯ ದಿನ ಕರೆದುಕೊಂಡು ಹೋಗಿ, ನಕ್ಷೆಯಲ್ಲಿಲ್ಲದ ಸಣ್ಣ ಹರಿವುಗಳನ್ನು ಅವರು ತೋರಿಸಬಲ್ಲರು.