ಊರಿಗೆ ಬ್ರಾಂದಿ ಅಂಗಡಿ: ಗ್ರಾಮಸಭೆಯಲ್ಲಿ ಯಾವ ಕಡೆ ಕೈ ಎತ್ತಲಿ?

ಮೂಡಿಗೆರೆ ಕಡೆಯವರು: ನಮ್ಮೂರಿಗೆ ಬ್ರಾಂದಿ ಅಂಗಡಿ ಬರುತ್ತದಂತೆ. ಬೇಕೋ ಬೇಡವೋ ಅಂತ ಗ್ರಾಮಸಭೆಯಲ್ಲಿ ಕೈ ಎತ್ತಿಸುತ್ತಾರೆ. ಮನೆಯಲ್ಲೇ ಎರಡು ಮಾತಿದೆ. ಅನುಭವ ಇದ್ದವರು ಹೇಳಿ.

ಅರಸೀಕೆರೆ, ಸ್ತ್ರೀಶಕ್ತಿ ಸಂಘ: ನಾವು ಬೇಡ ಅಂತ ಠರಾವು ಮಾಡಿಸಿದೆವು. ಆದರೂ ಅಂಗಡಿ ಬಂತು. ಲೈಸೆನ್ಸ್ ಕೊಡುವುದು ಅಬಕಾರಿಯವರು, ಪಂಚಾಯಿತಿ ಅಲ್ಲ. ಶಾಲೆ, ದೇವಸ್ಥಾನದಿಂದ 100 ಮೀಟರ್ ದೂರ ಇರಬೇಕು ಅನ್ನುವ ನಿಯಮ ಹಿಡಿದು ಹಾಸನಕ್ಕೆ ಅಲೆದೆವು. ಟೆಂಪೋ ಬಾಡಿಗೆ 2,800, ಅರ್ಜಿ ಬರೆದವರಿಗೆ 500, ಜೆರಾಕ್ಸ್ 340, ಫೋಟೋ 260. ಎಲ್ಲ ಸಂಘದ ಉಳಿತಾಯದ ದುಡ್ಡು. ಅಳೆಯಲು ಬಂದವರು ನೇರ ಟೇಪ್ ಹಿಡಿಯಲಿಲ್ಲ. ಅಂಗಡಿ ಬಾಗಿಲ ನಡುವಿಂದ ಜನ ನಡೆಯುವ ದಾರಿಯಲ್ಲೇ ಶಾಲೆ ಗೇಟಿನ ತನಕ ಅಳೆಯಬೇಕಂತೆ. ಸುತ್ತು ದಾರಿ, 112 ಮೀಟರ್ ಬಂತು. ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ನಾಳೆ ಸಭೆ ಕರೆದರೂ ಬೇಡ ಅಂತಲೇ ಕೈ ಎತ್ತುತ್ತೇನೆ.

ಸಕಲೇಶಪುರ, ಮಳಿಗೆ ಮಾಲೀಕ: ನಾನು ಬಾಡಿಗೆಗೆ ಕೊಟ್ಟವನು, ನಾಚಿಕೆ ಏನಿಲ್ಲ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯ ಮಾರಬಾರದು ಅಂತ 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆಗ ಹೆದ್ದಾರಿ ಬದಿಯ ಬ್ರಾಂದಿ ಅಂಗಡಿಯವರೇ ಮಳಿಗೆ ಕೇಳಿಕೊಂಡು ಬಂದರು. ಶಟರ್‌ಗೆ 38,000, ಟೈಲ್ಸ್‌ಗೆ 22,000 ನನ್ನ ಕೈಯಿಂದ ಹೋಯಿತು. ಮೊದಲು ಗೂಡಂಗಡಿಯಲ್ಲಿ ಕದ್ದು ಮಾರುತ್ತಿದ್ದರು, ಕ್ವಾರ್ಟರ್‌ಗೆ 30 ರೂಪಾಯಿ ಜಾಸ್ತಿ. ತೋಟದ ಆಳುಗಳು ಅದನ್ನೇ ಕುಡಿಯುತ್ತಿದ್ದರು. ಈಗ ಅದು ನಿಂತಿದೆ.

ಅರಸೀಕೆರೆ: ನಿಂತಿದೆಯಾ ಅಣ್ಣಾ? ಇಲ್ಲಿ ಅಂಗಡಿಯಿಂದಲೇ ಕೇಸುಗಟ್ಟಲೆ ತಂದು ಹಟ್ಟಿಗಳಲ್ಲಿ ಮಾರುತ್ತಾರೆ. ನಿಮಗೆ ತಿಂಗಳಾದರೆ ಬಾಡಿಗೆ. ನಮ್ಮವರಿಗೆ ಸಂಘದ ಕಂತು ಕಟ್ಟಲು ದುಡ್ಡಿಲ್ಲ.

ಸಕಲೇಶಪುರ: ಬಾಡಿಗೆ ವಿಷಯ ಎತ್ತಬೇಡಿ ಅಕ್ಕ. ಆ ದುಡ್ಡಲ್ಲೇ ಮಗಳನ್ನು ಓದಿಸಿದ್ದು.

ಕಡೂರು, ನಿವೃತ್ತ ಮೇಷ್ಟ್ರು: ಮಹಾರಾಷ್ಟ್ರದಲ್ಲಿ ಶೇ 25ರಷ್ಟು ಮಹಿಳಾ ಮತದಾರರು ಸಹಿ ಹಾಕಿದರೆ ಗುಪ್ತ ಮತದಾನ. ಅರ್ಧಕ್ಕಿಂತ ಜಾಸ್ತಿ ಜನ ಬೇಡ ಅಂದರೆ ಅಂಗಡಿ ಮುಚ್ಚಬೇಕು. ನಮಗೂ ಅಂಥದ್ದು ಬೇಕು. ಎಲ್ಲರೆದುರು ಕೈ ಎತ್ತು ಅಂದರೆ ಸಾಲ ಕೊಟ್ಟವನ ಮುಖ ನೋಡಿಕೊಂಡೇ ಎತ್ತುತ್ತಾರೆ. 2007ರ ಜುಲೈನಲ್ಲಿ ಸಾರಾಯಿ ನಿಷೇಧ ಆದಾಗ ನಮ್ಮೂರ ಹೆಂಗಸರು ಪಟಾಕಿ ಹೊಡೆದಿದ್ದರು. ಕುಡಿಯುವವರು ಬ್ರಾಂದಿಗೆ ಹೋದರು, ಖರ್ಚು ಇನ್ನೂ ಜಾಸ್ತಿ ಆಯಿತು.

ಕೊಪ್ಪ, ಕಾಫಿ ಬೆಳೆಗಾರ: ಅಂಗಡಿಗೆ ಬೈದು ಏನು ಬಂತು? ಆಳುಗಳ ಕೂಲಿ ಬಟವಾಡೆಯನ್ನು ಅವರ ಹೆಂಡತಿ ಕೈಗೆ ಕೊಡಿ. ನಾನು ಹಾಗೇ ಮಾಡುವುದು.

ಅರಸೀಕೆರೆ: ದುಡಿದವನ ಕೂಲಿ ಅವನ ಕೈಗೆ ಕೊಡಬೇಕಲ್ವಾ? ಮೊದಲು ಹೆಣ್ಣಾಳಿಗೂ ಗಂಡಾಳಿಗೂ ಒಂದೇ ಕೂಲಿ ಕೊಡಿ, ಆಮೇಲೆ ಮಾತಾಡೋಣ.

ಕೊಪ್ಪ: ನನ್ನ ತೋಟದಲ್ಲಿ ಒಂದೇ ಕೂಲಿ. ಬಂದು ಕೇಳಿ.