ಸಹಾಯ ಬೇಕು: 10 ಮೀಟರ್ ಎಚ್‌ಡಿಎಂಐ ಕೇಬಲ್, ತಾಮ್ರವೋ ಆಪ್ಟಿಕಲ್ಲೋ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಬದಿಯಡ್ಕದಲ್ಲಿ. ಪಿಎಸ್5 (ಗೇಮ್ ಕನ್ಸೋಲ್) ಮತ್ತು ಸ್ಪೀಕರುಗಳಿಗೆ ಶಬ್ದ ಕೊಡುವ ರಿಸೀವರ್ ಒಂದು ಮೂಲೆಯಲ್ಲಿವೆ. ಟಿವಿಗೆ ಗೋಡೆಯೊಳಗಿನ ಪೈಪಿನಲ್ಲಿ 10 ಮೀಟರ್ ಕೇಬಲ್ ಹೋಗಬೇಕು. ಈಗಿರುವುದು 18 ಜಿಬಿಪಿಎಸ್‌ನದು (ಸೆಕೆಂಡಿಗೆ 18 ಗಿಗಾಬಿಟ್ ಸಾಗಿಸುವಂಥದು). 4ಕೆ 60 ಹರ್ಟ್ಸ್ ಸಲೀಸು. 120ಕ್ಕೆ ಇಟ್ಟರೆ ಪರದೆ ಆಗಾಗ ಕಪ್ಪಾಗುತ್ತದೆ. ಅದೇ ರಿಸೀವರನ್ನು ಟಿವಿ ಹತ್ತಿರ ತಂದು, ಪಿಎಸ್5 ಜೊತೆ ಬಂದ ಗಿಡ್ಡ ಕೇಬಲ್ ಹಾಕಿ ನೋಡಿದೆ, ಏನೂ ತೊಂದರೆ ಇಲ್ಲ. ಹಾಗಾದರೆ ಸಮಸ್ಯೆ ಉದ್ದದ ಕೇಬಲಿನದೇ ಅಲ್ವಾ?

ಕಾಸರಗೋಡು ಪೇಟೆಯಲ್ಲಿ ವಿಚಾರಿಸಿದರೆ ‘8ಕೆ’ ಎಂದು ಬರೆದ ತಾಮ್ರದ ಕೇಬಲ್ ತೋರಿಸುತ್ತಾರೆ. ‘ಅಲ್ಟ್ರಾ ಹೈ ಸ್ಪೀಡ್’ ಲೇಬಲ್ಲೂ ಇಲ್ಲ, ಸ್ಕ್ಯಾನ್ ಮಾಡುವ ಕೋಡೂ ಇಲ್ಲ. ತಾಮ್ರದಲ್ಲಿ 48 ಜಿಬಿಪಿಎಸ್ ಇಷ್ಟು ದೂರ ಹೋಗುವುದು ಕಷ್ಟ, ಬೆಳಕಿನ ಮೂಲಕ ಸಿಗ್ನಲ್ ಕಳಿಸುವ ಆಪ್ಟಿಕಲ್ಲೇ ಬೇಕು ಅಂತ ಓದಿದೆ. ಆದರೆ ಟಿವಿಯ ಶಬ್ದ ಇ-ಆರ್ಕ್ ಮೂಲಕ ಅದೇ ಕೇಬಲಿನಲ್ಲಿ ರಿಸೀವರಿಗೆ ವಾಪಸ್ ಬರಬೇಕು. ಆಪ್ಟಿಕಲ್ಲಿನಲ್ಲಿ ಅದು ಬರುತ್ತದೋ ಇಲ್ಲವೋ ಗೊತ್ತಿಲ್ಲ, ನಾನು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ.

ಪೈಪಿನಲ್ಲಿ 10 ಮೀಟರ್ ಆಪ್ಟಿಕಲ್ ಎಳೆದವರು ಇದ್ದೀರಾ? 4ಕೆ 120 ಮತ್ತು ಇ-ಆರ್ಕ್ ಎರಡೂ ಸರಿಯಾಗಿ ಬರುತ್ತವೆಯಾ? ಯಾವ ಕೇಬಲ್ ಹಾಕಿದ್ದೀರಿ?