ಆತ್ಮವನ್ನು ನಂಬದ ಅಪ್ಪ ಯಾಕೆ ನೀರಿಗೆ ಹಾರಿದರು?

ಪ್ರಶ್ನೆ (ಕೋಡಿಬಾಗ, ಕಾರವಾರ):
ನಾನು ದೇವರನ್ನೂ ಆತ್ಮವನ್ನೂ ನಂಬುವುದಿಲ್ಲ. ಅಪ್ಪನೂ ಹಾಗೇ. ಕಳೆದ ಮಳೆಗಾಲದಲ್ಲಿ ಕಾಳಿ ನದಿಯ ಅಳಿವೆಯಲ್ಲಿ ಮುಳುಗುತ್ತಿದ್ದ ಹುಡುಗನನ್ನು ಅವರು ಎಳೆದು ತಂದರು. ಗುರುತು ಪರಿಚಯ ಇಲ್ಲದ ಹುಡುಗ. ಅಪ್ಪನಿಗೆ 62 ವರ್ಷ, ಮೊಣಕಾಲು ನೋವು ಬೇರೆ. ಮನೆಗೆ ಬಂದು ಸುಮ್ನೆ ಕೂತರು. ಒದ್ದೆ ಲುಂಗಿ ನೋಡಿ ಅಮ್ಮ ಕೇಳಿದ ಮೇಲೆಯೇ ವಿಷಯ ಗೊತ್ತಾಗಿದ್ದು. ಪುಣ್ಯದ ಆಸೆ ಅವರಿಗಿಲ್ಲ. ಇದು ನಿಜವಾದ ನಿಸ್ವಾರ್ಥವಾ, ಮನಸ್ಸಿನ ತೃಪ್ತಿಗೆ ಮಾಡಿದ್ದಾ? ಅದನ್ನು ನೆನೆದಾಗ ಆತ್ಮ ಇದ್ದರೂ ಇರಬಹುದೇನೋ ಅನ್ನಿಸುತ್ತದೆ.

ಉತ್ತರ (ಶಿರಸಿ):
1964ರಲ್ಲಿ ಹ್ಯಾಮಿಲ್ಟನ್ ಎಂಬ ವಿಜ್ಞಾನಿ ರಕ್ತಸಂಬಂಧಿಗಳಿಗಾಗಿ ಮಾಡುವ ತ್ಯಾಗಕ್ಕೆ ಒಂದು ಲೆಕ್ಕ ಕೊಟ್ಟರು: ನೆಂಟರು ಉಳಿದರೆ ಅವರಲ್ಲಿರುವ ನಮ್ಮದೇ ವಂಶವಾಹಿಗಳೂ ಉಳಿಯುತ್ತವೆ. ತನ್ನ ಬಳಗದ ಗೂಡು ಕಾಯಲು ಕಚ್ಚಿ ಸಾಯುವ ಜೇನು ಆ ಲೆಕ್ಕಕ್ಕೆ ಸಿಗುತ್ತದೆ. ನಿಮ್ಮ ಅಪ್ಪ ಸಿಗುವುದಿಲ್ಲ, ಆ ಹುಡುಗ ನೆಂಟನಲ್ಲ ಅಲ್ವಾ? ತೃಪ್ತಿ ಬಂದಿದ್ದರೂ ಆಮೇಲೆ. ಹಾರುವಾಗ ಅದನ್ನು ಯೋಚಿಸಲು ಹೊತ್ತೆಲ್ಲಿತ್ತು?

ಉತ್ತರ (ಕುಮಟಾ):
ಬೌದ್ಧರು ಆತ್ಮ ಇಲ್ಲ ಎನ್ನುತ್ತಾರೆ, ಕರುಣೆಯನ್ನು ಬಿಡುವುದಿಲ್ಲ. ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಬೇಡಿ.

ಪ್ರಶ್ನೆ ಕೇಳಿದವರು:
ನಿನ್ನೆ ಅಪ್ಪನನ್ನೇ ಕೇಳಿದೆ. "ಅವನ ಕೈ ಕಾಣ್ತಾ ಇತ್ತು ಮಗಾ" ಅಂದರು. ಮತ್ತೆ ಬಲೆ ಹೊಲಿಯಲು ಕೂತರು.